ಟೇಬಲ್ ರೋಸನ್ನ ಬಿಸಿಲಿಗೆ ಬಿಡಿ ಅಕ್ಕ

ಅಕ್ಕ, ಹೂ ಬಿಡ್ತಿಲ್ಲ ಅಂತ ನರ್ಸರಿಯವರನ್ನ ಬೈಯಬೇಡಿ. ಅವರು ಕೊಟ್ಟಿರೋ ಟೇಬಲ್ ರೋಸ್ ಚೆನ್ನಾಗೇ ಇದೆ. ನೀವು ಇಟ್ಟಿರೋ ಜಾಗ ಅದಕ್ಕೆ ಒಗ್ಗಿಲ್ಲ. ಪೋರ್ಟಿಕೋ ನೆರಳು, ಕುಂಡದ ಕೆಳಗೊಂದು ತಟ್ಟೆ, ತಟ್ಟೇಲಿ ಯಾವಾಗಲೂ ನೀರು. ಮಲ್ಲಿಗೆ ಬಳ್ಳಿಗೆ ಮಾಡೋ ಆರೈಕೆನೇ ಇದಕ್ಕೂ ಮಾಡ್ತಿದ್ದೀರಿ. ಕಡ್ಡಿ ಹೇಗೆ ಉದ್ದಕ್ಕೆ ಎಳೆದುಕೊಂಡು ಬೆಳೆದಿದೆ ನೋಡಿ, ಗಿಣ್ಣಿಂದ ಗಿಣ್ಣಿಗೆ ಎಷ್ಟು ದೂರ! ಬೆಳಕು ಹುಡುಕ್ತಾ ಇರೋ ಗಿಡದ ಲಕ್ಷಣ ಅದು. ಸಾಕಷ್ಟು ಬಿಸಿಲು ಸಿಕ್ಕಿದರೆ ಕಡ್ಡಿ ಗಿಡ್ಡಗಿದ್ದು ನೆಲಕ್ಕೆ ಅಂಟಿಕೊಂಡು ಹರಡುತ್ತೆ, ಒಂದೊಂದು ತುದೀಲೂ ಮೊಗ್ಗಿನ ಗೊಂಚಲು ಕೂರುತ್ತೆ.

ಮೊದಲು ಆ ತಟ್ಟೆ ತೆಗೆದುಬಿಡಿ. ಈಗಲೇ ತೆಗೀರಿ, ಆಮೇಲೆ ಮಾತಾಡೋಣ.

ಈ ಗಿಡ ಎಲ್ಲಿಂದ ಬಂತು ಅಂತ ತಿಳಿದುಕೊಂಡರೆ ಅರ್ಧ ಆರೈಕೆ ತಾನಾಗೇ ಗೊತ್ತಾಗುತ್ತೆ. ನಮ್ಮ ಅಜ್ಜಿಯರ ಕಾಲದಿಂದ ಮನೆ ಮುಂದೆ ನೋಡ್ತಾ ಬಂದಿದ್ದೀವಿ, ಹಾಗಾಗಿ ಇಲ್ಲೀದೇ ಅಂದುಕೊಂಡಿದ್ದೀವಿ. ಅದರ ತವರು ದಕ್ಷಿಣ ಅಮೆರಿಕ: ಅರ್ಜೆಂಟೀನಾ, ಉರುಗ್ವೆ, ಬ್ರೆಜಿಲ್ಲಿನ ದಕ್ಷಿಣ ಭಾಗ. ಸ್ಕಾಟ್ಲೆಂಡಿನ ಜಾನ್ ಗಿಲ್ಲೀಸ್ ಅನ್ನೋ ಡಾಕ್ಟರು ಅರ್ಜೆಂಟೀನಾದ ಮೆಂಡೋಜಾ ಊರಲ್ಲಿ ನೆಲೆಸಿದ್ದರು. ಆಸುಪಾಸಿನ ಗಿಡಗಳನ್ನ ಕೂಡಿಸಿ ಬ್ರಿಟನ್ನಿಗೆ ಕಳಿಸ್ತಿದ್ದರು. ಹಾಗೆ ಅವರು ಕಂಡ ಗಿಡಗಳಲ್ಲಿ ಇದೂ ಒಂದು. 1829ರಲ್ಲಿ ವಿಲಿಯಂ ಜಾಕ್ಸನ್ ಹುಕರ್ ಇದಕ್ಕೆ ಪೋರ್ಚುಲಾಕಾ ಗ್ರಾಂಡಿಫ್ಲೋರಾ ಅಂತ ಹೆಸರಿಟ್ಟು ಪ್ರಕಟಿಸಿದರು. ಅಲ್ಲಿಂದ ಯುರೋಪಿನ ತೋಟಗಳಿಗೆ ಹೋಗಿ, ಆಮೇಲೆ ಲೋಕವೆಲ್ಲ ಸುತ್ತಿತು.

ಮೆಂಡೋಜಾ ಹೇಗಿದೆ ಅಂತೀರಾ? ಪಡುವಣಕ್ಕೆ ಆಂಡಿಸ್ ಪರ್ವತ ಅಡ್ಡ ನಿಂತಿದೆ. ಶಾಂತಸಾಗರದ ತೇವವನ್ನೆಲ್ಲ ಅದೇ ತಡೆದುಕೊಳ್ಳುತ್ತೆ. ಈಚೆ ಮಗ್ಗುಲಿಗೆ ವರ್ಷಕ್ಕೆ 200 ಮಿಲಿಮೀಟರ್ ಆಸುಪಾಸು ಮಳೆ ಬಿದ್ದರೆ ದೊಡ್ಡದು. ಈಗ ನಮ್ಮ ಚಿತ್ರದುರ್ಗದ ಸೀಮೆ ನೋಡಿ. ಪಡುವಣಕ್ಕೆ ಸಹ್ಯಾದ್ರಿ, ಆಗುಂಬೆ ಕಡೆ ಸುರಿಸಿ ಸುರಿಸಿ ಮೋಡ ಬರಿದಾಗಿ ಈ ಕಡೆ ಬರುತ್ತೆ. ಮೆಂಡೋಜಾದಲ್ಲಿ ಬೀಳೋ ಮಳೆ ನಮಗಿಂತಲೂ ಕಡಿಮೆ, ಆದರೆ ಎರಡೂ ಮಳೆನೆರಳಿನ ನಾಡೇ. ಚಳ್ಳಕೆರೆ, ಹಿರಿಯೂರಿನ ಕಡೆ ಬಾವಿ ಕಟ್ಟೆ ಮೇಲೆ, ಹಳೇ ಒಡಕು ಬಾನೀಲಿ ಈ ಹೂ ಅಷ್ಟು ಸಲೀಸಾಗಿ ಬಾಳ್ತಿದೆ ಅಂದರೆ ಅದರಲ್ಲಿ ಸೋಜಿಗವಿಲ್ಲ. ತವರಿನಂಥದೇ ನೆಲ ಅದಕ್ಕೆ ಇಲ್ಲಿ ಸಿಕ್ಕಿದೆ.

ಎಲೆ ಒಂದನ್ನ ಚಿವುಟಿ ನೋಡಿ. ಉರುಟಾಗಿದೆ, ಒಳಗೆಲ್ಲ ನೀರು. ನೀರು ಕೂಡಿಟ್ಟುಕೊಳ್ಳೋದು ಎಲ್ಲ ರಸಭರಿತ ಗಿಡಗಳೂ ಮಾಡ್ತವೆ. ಪೋರ್ಚುಲಾಕಾ ಬಳಗದ ಹೆಚ್ಚುಗಾರಿಕೆ ಬೇರೆ ಇದೆ. ಗಿಡಗಳು ಎಲೆಯ ಸಣ್ಣ ಸಣ್ಣ ತೂತುಗಳಿಂದ ಇಂಗಾಲದ ಡೈಆಕ್ಸೈಡ್ ಒಳಗೆ ತಗೋತವೆ. ತೂತು ತೆರೆದಾಗೆಲ್ಲ ಒಳಗಿನ ನೀರು ಆವಿಯಾಗಿ ಹೊರಗೆ ಹೋಗುತ್ತೆ. ಅದನ್ನ ಮಿತಿಯಲ್ಲಿಡೋಕೆ ಜೋಳ, ರಾಗಿ, ಕಬ್ಬು ಒಂದು ದಾರಿ ಕಂಡುಕೊಂಡಿವೆ. ಸಿಕ್ಕಿದ ಅನಿಲವನ್ನ ಎಲೆಯೊಳಗೆ ಒಂದು ಕಡೆ ಒತ್ತೊತ್ತಾಗಿ ಕೂಡಿಸಿ, ಕಡಿಮೆ ನೀರಲ್ಲಿ ಹೆಚ್ಚು ಬೆಳೀತವೆ. ವಿಜ್ಞಾನದಲ್ಲಿ ಇದಕ್ಕೆ ಸಿ-4 ಅಂತಾರೆ. ಪಾಪಸುಕಳ್ಳಿ, ಅನಾನಸ್‌ದು ಇನ್ನೊಂದು ದಾರಿ: ಹಗಲೆಲ್ಲ ತೂತು ಮುಚ್ಚಿಕೊಂಡಿದ್ದು, ತಂಪಾದ ರಾತ್ರೀಲಿ ತೆರೆದು, ಅನಿಲವನ್ನ ಹುಳಿ ಮಾಡಿ ಇಟ್ಟುಕೊಂಡು, ಬೆಳಗಾದ ಮೇಲೆ ಬಳಸೋದು. ಅದು ಕ್ಯಾಮ್. ಈ ಎರಡು ದಾರೀನೂ ಒಂದೇ ಗಿಡದಲ್ಲಿ ಇರೋದು ಅಪರೂಪ. ಪೋರ್ಚುಲಾಕಾ ಎರಡನ್ನೂ ಬಲ್ಲದು. ನೀರಿದ್ದಾಗ ರಾಗಿ ಪೈರಿನ ದಾರಿ, ನೀರು ಬತ್ತಿದರೆ ಜೊತೆಗೆ ಕಳ್ಳಿಯ ದಾರಿಯನ್ನೂ ಹಿಡಿಯುತ್ತೆ. ಅದೂ ಒಂದೇ ಎಲೆಯೊಳಗೆ, ಒಂದೇ ಜೀವಕೋಶಗಳಲ್ಲಿ ಎರಡೂ ಕೂಡಿಕೊಂಡು ನಡೆಯುತ್ತೆ ಅಂತ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 2022ರಲ್ಲಿ ಪ್ರಕಟಿಸಿದರು. ಅವರು ಅದನ್ನ ಕಂಡುಕೊಂಡಿದ್ದು ಯಾವ ಗಿಡದಲ್ಲಿ ಗೊತ್ತಾ? ನಮ್ಮ ಗೋಣಿ ಸೊಪ್ಪಲ್ಲಿ! ಟೇಬಲ್ ರೋಸಿನ ಒಡಹುಟ್ಟು ಅದು, ಅದೇ ಪೋರ್ಚುಲಾಕಾ ಕುಲ.

ಗೋಣಿ ಸೊಪ್ಪು ಅಂದೆನಲ್ಲ, ಅದರ ಸುದ್ದಿ ಹೇಳದೆ ಮುಂದಕ್ಕೆ ಹೋಗೋಕೆ ಮನಸ್ಸಾಗಲ್ಲ. ನಿಮ್ಮ ಬದನೆ ಸಾಲಿನ ಮಧ್ಯೆ ಕಳೆ ಅಂತ ಕಿತ್ತು ಹಾಕ್ತೀರಲ್ಲ, ಕೆಂಪು ಕಡ್ಡಿ, ಚಪ್ಪಟೆ ಎಲೆ, ಚಿಕ್ಕ ಹಳದಿ ಹೂ, ಅದೇ. ಕಿತ್ತು ಅಲ್ಲೇ ಬಿಟ್ಟರೆ ಸಾಯಲ್ಲ, ಕಡ್ಡಿಯ ನೀರಲ್ಲೇ ಉಸಿರು ಹಿಡಿದು ಬೀಜ ಕಟ್ಟಿಬಿಡುತ್ತೆ, ತೇವ ಸಿಕ್ಕಿದರೆ ಮತ್ತೆ ಬೇರೂ ಬಿಡುತ್ತೆ. ಬೆರಕೆ ಸೊಪ್ಪಿನ ಮಸ್ಸೊಪ್ಪಿಗೆ ಒಂದು ಹಿಡಿ ಹಾಕಿ ನೋಡಿ. ಮೀನಿಂದ ಸಿಗುತ್ತೆ ಅಂತಾರಲ್ಲ ಒಮೆಗಾ-3, ಆ ಬಗೆಯ ಕೊಬ್ಬಿನಾಮ್ಲ ಸೊಪ್ಪುಗಳ ಪೈಕಿ ಇದರಲ್ಲಿ ಚೆನ್ನಾಗಿದೆ. ಬೆಳಗಿನ ಜಾವ ಕಿತ್ತ ಸೊಪ್ಪು ಹುಳಿ, ಮಧ್ಯಾಹ್ನ ಕಿತ್ತದ್ದು ಅಷ್ಟು ಹುಳಿ ಇರಲ್ಲ. ನೀರಿಲ್ಲದ ದಿನಗಳಲ್ಲಿ ರಾತ್ರಿ ಕೂಡಿಟ್ಟ ಹುಳಿ ಬೆಳಿಗ್ಗೆ ನಾಲಿಗೆಗೆ ಸಿಗುತ್ತೆ, ಬಿಸಿಲೇರಿದ ಹಾಗೆ ಗಿಡ ಅದನ್ನ ಕರಗಿಸಿಕೊಳ್ಳುತ್ತೆ. ಮಸ್ಸೊಪ್ಪಿಗೆ ಹುಣಸೆಹಣ್ಣು ಹಾಕೋವಾಗ ಅದನ್ನ ನೆನಪಿಟ್ಟುಕೊಳ್ಳಿ. ಆಕ್ಸಲಿಕ್ ಆಮ್ಲ ಜಾಸ್ತಿ ಇರೋದರಿಂದ ಮೂತ್ರಪಿಂಡದ ಕಲ್ಲಿನ ತೊಂದರೆ ಇರೋರು ದೂರ ಇರಬೇಕು. ಇನ್ನೊಂದು ಎಚ್ಚರ: ನೆಲಕ್ಕೆ ಅಂಟಿಕೊಂಡು ಇದರ ಹಾಗೇ ಹರಡೋ ಬೇರೆ ಕಳೆ ಇದೆ, ಕಡ್ಡಿ ಮುರಿದರೆ ಹಾಲು ಬರುತ್ತೆ. ಹಾಲು ಬಂದರೆ ಅದು ಗೋಣಿ ಸೊಪ್ಪಲ್ಲ, ಅಡುಗೆಮನೆಗೆ ತರಬೇಡಿ. ಟೇಬಲ್ ರೋಸನ್ನ ಸಾರಿಗೆ ಹಾಕೋದೂ ಬೇಡ. ಅದು ಕಣ್ಣಿಗೆ ಅಂತ ಬೆಳೆಸೋ ಗಿಡ.

ಸರಿ, ನಿಮ್ಮ ಕುಂಡಕ್ಕೆ ಬರೋಣ. ಅದರೊಳಗೆ ತುಂಬಿರೋದು ಬರೀ ತೆಂಗಿನ ನಾರಿನ ಪುಡಿ. ಸಾಗಿಸೋಕೆ ಹಗುರ ಅಂತ ನರ್ಸರಿಗಳಲ್ಲಿ ಅದನ್ನೇ ತುಂಬ್ತಾರೆ. ನೀರನ್ನ ಅದು ಬಿಡೋದೇ ಇಲ್ಲ. ಮೆಲ್ಲಗೆ ಗಿಡ ಬಿಡಿಸಿ, ಬೇರಿಗೆ ಅಂಟಿರೋ ಪುಡಿ ಆದಷ್ಟು ಉದುರಿಸಿ. ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ದಪ್ಪ ಮರಳು, ಮೇಲೆ ಒಂದು ಹಿಡಿ ಹಳೇ ಕೊಟ್ಟಿಗೆ ಗೊಬ್ಬರ ಕಲಸಿ ನೆಡಿ. ನಿಮ್ಮ ಹಿತ್ತಲಿನ ಎರೆಮಣ್ಣು ಹಾಗೇ ಹಾಕಬೇಡಿ, ಅದು ನೀರು ಹಿಡಿದರೆ ವಾರ ಬಿಡಲ್ಲ. ಎರೆಮಣ್ಣೇ ಗತಿ ಅಂದರೆ ಅದರಷ್ಟೇ ಮರಳು, ಇಟ್ಟಿಗೆ ಚೂರು ಬೆರೆಸಿ ಸಡಿಲ ಮಾಡಿಕೊಳ್ಳಿ. ಬೇರು ಆಳಕ್ಕೆ ಹೋಗಲ್ಲ, ಐದಾರು ಅಂಗುಲ ಮಣ್ಣಿದ್ದರೆ ಧಾರಾಳ. ಹಾಗಾಗಿ ಎತ್ತರದ ಕುಂಡಕ್ಕಿಂತ ಅಗಲವಾದ ಬೋಗುಣಿಯಂಥದ್ದು ಒಳ್ಳೇದು. ಪೇಂಟ್ ಡಬ್ಬಿ, ಸೀಳಿದ ಪೈಪು, ತೂತು ಬಿದ್ದ ಪ್ಲಾಸ್ಟಿಕ್ ಬುಟ್ಟಿ ಯಾವುದಾದರೂ ಆಗುತ್ತೆ, ತಳದಲ್ಲಿ ನೀರು ಹರಿದು ಹೋಗೋ ತೂತು ಮಾತ್ರ ಇರಲೇಬೇಕು.

ಬಿಸಿಲು ದಿನಕ್ಕೆ ಆರು ಗಂಟೆಯಾದರೂ ಬೇಕು, ಹೆಚ್ಚಾದಷ್ಟೂ ಚೆಂದ. ನಿಮ್ಮ ತಾರಸಿಯ ಪಡುವಣ ಮೂಲೆ, ಏಪ್ರಿಲ್ಲಲ್ಲಿ ಬರಿಗಾಲಿಡೋಕಾಗದ ಜಾಗ ಇದೆಯಲ್ಲ, ಅಲ್ಲಿಡಿ. ಆದರೆ ಇದು ಇಷ್ಟು ದಿನ ನರ್ಸರಿಯ ಹಸಿರು ಪರದೆ ಕೆಳಗೆ, ಆಮೇಲೆ ನಿಮ್ಮ ನೆರಳಲ್ಲಿ ಇದ್ದದ್ದು. ಒಂದೇ ಸಲ ಮಧ್ಯಾಹ್ನದ ಉರಿಗೆ ಒಡ್ಡಿದರೆ ಎಲೆ ಸುಡುತ್ತೆ. ನಾಲ್ಕೈದು ದಿನ ಎಳೆಬಿಸಿಲು ತೋರಿಸಿ, ಆಮೇಲೆ ಹೊರಗೆ ಬಿಡಿ.

ನೀರಿನ ಲೆಕ್ಕಕ್ಕೆ ಗಡಿಯಾರ ನೋಡಬೇಡಿ, ಗಿಡ ನೋಡಿ. ಎಲೆ ತುಂಬಿಕೊಂಡು ಬಿಗಿಯಾಗಿದ್ದರೆ ಬೇಡ. ಸ್ವಲ್ಪ ಸೊರಗಿ ಮೆತ್ತಗಾದರೆ, ಬೆರಳಿಟ್ಟಾಗ ಮೇಲಿನ ಒಂದಂಗುಲ ಮಣ್ಣು ಒಣಗಿದ್ದರೆ, ತಳದಿಂದ ಹರಿದುಬರೋವರೆಗೂ ಹಾಕಿ. ಆಮೇಲೆ ಮತ್ತೆ ಒಣಗೋವರೆಗೆ ಅದರ ತಂಟೆಗೆ ಹೋಗಬೇಡಿ. ಬೇಸಿಗೇಲಿ ಸಣ್ಣ ಕುಂಡಕ್ಕೆ ದಿನ ಬಿಟ್ಟು ದಿನ ಬೇಕಾಗಬಹುದು, ನೆಲದಲ್ಲಿ ಬೇರೂರಿದ್ದಕ್ಕೆ ವಾರಕ್ಕೆ ಎರಡು ಸಲ ಸಾಕು. ಬೆಳಿಗ್ಗೆ ಬುಡಕ್ಕೆ ಹಾಕಿ, ಅರಳಿದ ಹೂವಿನ ಮೇಲೆ ಹೊಯ್ಯಬೇಡಿ. ಗೊಬ್ಬರವೂ ಅಷ್ಟೇ: ತಿಂಗಳಿಗೊಂದು ಹಿಡಿ ಎರೆಹುಳು ಗೊಬ್ಬರ ಸಾಕು. ಯೂರಿಯಾ ಕಾಳು ಹಾಕಿದಿರೋ, ಕಡ್ಡಿ ಕೊಬ್ಬಿ ಎಲೆ ತುಂಬುತ್ತೆ, ಮೊಗ್ಗು ಮಾಯ.

ಹೂ ಬರೋದು ಕಡ್ಡಿಯ ತುದೀಲಿ. ಆದ್ದರಿಂದ ತುದಿ ಹೆಚ್ಚಿದಷ್ಟೂ ಹೂ ಹೆಚ್ಚು, ತುದಿ ಹೆಚ್ಚಬೇಕಾದರೆ ಚಿವುಟಬೇಕು. ಚಿವುಟೋಕೆ ನಿಮಗೆ ಮನಸ್ಸು ಬರಲ್ಲ, ಗೊತ್ತು, ಆದರೂ ಮಾಡಿ. ಒಂದು ಕಡ್ಡಿ ಚಿವುಟಿದ ಕಡೆ ಎರಡು ಮೂರು ಕವಲು ಬರುತ್ತೆ. ಚಿವುಟಿದ ಕುಡೀನೇ ಹೊಸ ಗಿಡ: ನಾಲ್ಕು ಬೆರಳುದ್ದ ಇರಲಿ, ಕೆಳಗಿನ ಎಲೆ ಕಿತ್ತು, ಅರ್ಧ ದಿನ ನೆರಳಲ್ಲಿ ಗಾಯ ಒಣಗಿಸಿ, ಎರಡಂಗುಲ ಅಂತರದಲ್ಲಿ ಮಣ್ಣಿಗೆ ಚುಚ್ಚಿ. ವಾರ ಹತ್ತು ದಿನದಲ್ಲಿ ಬೇರು ಹಿಡಿಯುತ್ತೆ. ಗಿಡ ಹಳೇದಾಗಿ ನಡುವೆ ಬೋಳಾದರೂ ಇದೇ ಉಪಾಯ, ಅರ್ಧಕ್ಕೆ ಕತ್ತರಿಸಿ ತುಂಡುಗಳನ್ನ ಆ ಬೋಳು ಜಾಗಕ್ಕೇ ಚುಚ್ಚಿಬಿಡಿ.

ಬೀಜದಿಂದಲೂ ಬರುತ್ತೆ. ಹೂ ಬಾಡಿ ಹತ್ತಿಪ್ಪತ್ತು ದಿನಕ್ಕೆ ಒಂದು ಪುಟ್ಟ ಕಾಯಿ ಬಲಿಯುತ್ತೆ. ಕುಂಕುಮದ ಭರಣಿಗೆ ಇರುತ್ತಲ್ಲ ಮುಚ್ಚಳ, ಹಾಗೇ ಕಾಯಿಯ ಮೇಲ್ಭಾಗ ದುಂಡಗೆ ಬಿಚ್ಚಿಕೊಳ್ಳುತ್ತೆ. ಒಳಗೆ ಉಕ್ಕಿನ ಬಣ್ಣದ ಬೀಜ, ಧೂಳಿನಷ್ಟು ಸಣ್ಣ. ಒಂದು ಗ್ರಾಂ ಬೀಜ ಅಂದರೆ ಹತ್ತು ಸಾವಿರದ ಲೆಕ್ಕ. ಒಣ ಮರಳಲ್ಲಿ ಬೆರೆಸಿ ಚೆಲ್ಲಿ, ಮೇಲೆ ಮಣ್ಣು ಮುಚ್ಚಬೇಡಿ. ಮೊಳೆಯೋಕೆ ಅದಕ್ಕೆ ಬೆಳಕು ಬೇಕು.

ಹೂವಿನ ಆಯುಸ್ಸು ಒಂದೇ ದಿನ. ಬಿಸಿಲು ಬಲಿಯೋ ಹೊತ್ತಿಗೆ, ಒಂಬತ್ತು ಹತ್ತು ಗಂಟೆಗೆ ಅರಳಿ, ಮಧ್ಯಾಹ್ನ ಇಳಿಯೋ ಹೊತ್ತಿಗೆ ಮುದುಡುತ್ತೆ. ಅದಕ್ಕೇ ಹತ್ತು ಗಂಟೆ ಹೂ ಅಂತ ಕರೆಯೋದು. ಕೇರಳದಲ್ಲೂ ಪತ್ತುಮಣಿ, ದೂರದ ವಿಯೆಟ್ನಾಮಿನಲ್ಲೂ ಹತ್ತು ಗಂಟೆ ಹೂವೇ. ಕೇರಳದ ಹೆಣ್ಣುಮಕ್ಕಳು ಬಣ್ಣ ಬಣ್ಣದ ಕಡ್ಡಿ ಮನೇಲೇ ಬೆಳೆಸಿ, ಪೊಟ್ಟಣ ಕಟ್ಟಿ ಅಂಚೇಲಿ ಮಾರ್ತಾರೆ. ಒಳ್ಳೇ ಕೆಲಸ ಅದು. ಬೆಳಕಿನ ಜೊತೆ ಬೆಚ್ಚಗೂ ಆಗಬೇಕು ಇದಕ್ಕೆ, ಮೋಡ ಮುಚ್ಚಿದ ದಿನ ಮೊಗ್ಗಾಗೇ ಉಳಿದುಬಿಡುತ್ತೆ. ಪುಷ್ಯದ ಚಳೀಲಿ ಹೂ ಕಮ್ಮಿ, ಶಿವರಾತ್ರಿ ಕಳೆದ ಮೇಲೆ ನೋಡಿ ಅದರ ವೈಭವ. ಹೂ ಕಿತ್ತು ದೇವರ ತಲೆ ಮೇಲೆ ಇಡಬಹುದಾ ಅಂತ ಆವತ್ತು ಕೇಳಿದಿರಲ್ಲ, ಇಡಬಾರದು ಅಂತ ನಾನು ಹೇಳೋನಲ್ಲ. ಕಿತ್ತ ಸ್ವಲ್ಪ ಹೊತ್ತಿಗೇ ಸೋತುಬಿಡುತ್ತೆ, ನೋಡೋಕೆ ಸಂಕಟ ಆಗುತ್ತೆ. ಗಿಡದಲ್ಲೇ ಇರಲಿ.

ಬಣ್ಣದ ವಿಷಯ ಹೇಳಲೇಬೇಕು. ದಾಸವಾಳದ ಕೆಂಪು ಒಂದು ಬಗೆಯ ದ್ರವ್ಯದಿಂದ ಬಂದದ್ದು, ಟೇಬಲ್ ರೋಸಿನ ಕೆಂಪು ಪೂರ್ತಿ ಬೇರೆ. ಬೀಟ್‌ರೂಟು ಹೆಚ್ಚಿದಾಗ ಕೈಗೆ ಹತ್ತುತ್ತಲ್ಲ, ಅದೇ ವಂಶದ್ದು, ಬೀಟಾಲೈನ್ ಅಂತ ಹೆಸರು. ಕೆಂಪು ದಂಟಿನ ಸೊಪ್ಪು, ಬಸಳೆ ಹಣ್ಣು, ಬೋಗನ್‌ವಿಲ್ಲಾ, ಸಂಜೆಮಲ್ಲಿಗೆ, ಪಾಪಸುಕಳ್ಳಿಯ ಹಣ್ಣು ಎಲ್ಲಕ್ಕೂ ಬಣ್ಣ ಕೊಡೋದು ಅದೇ. ಎಲ್ಲವೂ ಸಸ್ಯಲೋಕದಲ್ಲಿ ಒಂದೇ ದೊಡ್ಡ ಬಳಗ. ನಿಮ್ಮ ಬಾಗಿಲ ಬಳಿ ಸಂಜೆಮಲ್ಲಿಗೆ ಇದೆ. ಟೇಬಲ್ ರೋಸ್ ಮುಚ್ಚಿಕೊಂಡ ಮೇಲೆ ಅದು ತೆರೆಯುತ್ತೆ. ಕೆಂಪು, ನೇರಳೆಗೆಂಪು, ಹಳದಿ, ಕಿತ್ತಳೆ, ಬಿಳಿ ಇಷ್ಟೂ ಸಿಗುತ್ತೆ ಟೇಬಲ್ ರೋಸಲ್ಲಿ. ಅಚ್ಚ ನೀಲಿ ಮಾತ್ರ ಬರಲ್ಲ. ನೀಲಿ ಟೇಬಲ್ ರೋಸಿನ ಬೀಜ ಅಂತ ಯಾರಾದರೂ ಚಿತ್ರ ತೋರಿಸಿದರೆ ದುಡ್ಡು ಕೊಡಬೇಡಿ.

ಈಗ ನನ್ನ ಅಭಿಪ್ರಾಯ ಒಂದಿದೆ, ನೀವು ಒಪ್ಪದೇ ಇರಬಹುದು. ನರ್ಸರೀಲಿ ಸಿಗೋ ಒತ್ತು ಎಸಳಿನ ಜಾತಿಗಿಂತ ನಮ್ಮೂರ ಹಳೇ ಐದೆಸಳಿನ ನೇರಳೆಗೆಂಪೇ ಉತ್ತಮ. ಒತ್ತು ಹೂವಲ್ಲಿ ಕೇಸರಗಳೇ ಎಸಳಾಗಿ ಮಾರ್ಪಟ್ಟಿರುತ್ತವೆ. ನೋಡೋಕೆ ತುಂಬಿಕೊಂಡಿರುತ್ತೆ, ಆದರೆ ಜೇನಿಗೆ ಪರಾಗ ಸರಿಯಾಗಿ ಸಿಗಲ್ಲ, ಬೀಜವೂ ಕಡಿಮೆ. ಹಳೇ ಜಾತಿ ಅರಳಿದಾಗ ಹತ್ತಿರ ನಿಂತು ನೋಡಿ. ಗೋಡೆ ಸಂದಿಯ ನಸರಿ ಜೇನು ಒಂದೊಂದಾಗಿ ಬಂದು ನಡುವೆ ಇಳಿಯುತ್ತವೆ. ಹುಳ ಸೋಕಿದ ತಕ್ಷಣ ಕೇಸರಗಳು ತಾವೇ ಅಲುಗಿ ಬಾಗ್ತವೆ, ಹುಳದ ಮೈಗೆಲ್ಲ ಪರಾಗ ಮೆತ್ತಿಕೊಳ್ಳುತ್ತೆ. ಬೇಕಾದರೆ ಒಂದು ಕಡ್ಡಿ ತುದಿಯಿಂದ ಮೆಲ್ಲಗೆ ಸೋಕಿಸಿ ನೋಡಿ, ನಿಮ್ಮ ಕಣ್ಣೆದುರೇ ಕದಲುತ್ತೆ. ಮೊಮ್ಮಗಳಿಗೆ ತೋರಿಸಿ, ಶಾಲೇಲಿ ಮುಟ್ಟಿದರೆ ಮುನಿ ಒಂದನ್ನೇ ಹೇಳಿಕೊಟ್ಟಿರ್ತಾರೆ.

ಗೋಣಿ ಸೊಪ್ಪನ್ನೂ ಒಂದು ಮೂಲೇಲಿ ಉಳಿಸಿ. ಅದರ ಎಲೆ ತಿಂದೇ ಬೆಳೆಯೋ ಒಂದು ಚಿಟ್ಟೆ ಇದೆ. ಗಂಡು ಕಪ್ಪು, ರೆಕ್ಕೇಲಿ ದೊಡ್ಡ ಬಿಳಿ ಮಚ್ಚೆ, ಮಚ್ಚೆಯ ಅಂಚಿಗೆ ನೇರಳೆ ಹೊಳಪು. ಹೆಣ್ಣು ನೋಡಿದರೆ ಅದೇ ಜಾತಿ ಅಂತ ನಂಬೋಕಾಗಲ್ಲ. ಎಕ್ಕದ ಗಿಡದಲ್ಲಿ ಬೆಳೆಯೋ ಕಿತ್ತಳೆ ಬಣ್ಣದ ಚಿಟ್ಟೆ ಹಕ್ಕಿಗಳ ಬಾಯಿಗೆ ಕಹಿ. ಈ ಹೆಣ್ಣು ಅದರ ವೇಷ ತೊಟ್ಟು ಹಕ್ಕಿಯಿಂದ ಪಾರಾಗುತ್ತೆ. ಮುಳ್ಳುಮುಳ್ಳಿನ ಕಂಬಳಿಹುಳ ಕಂಡ ಕೂಡಲೇ ಔಷಧಿ ಹೊಡೀಬೇಡಿ.

ರೋಗ ರುಜಿನ ಇದಕ್ಕೆ ಕಡಿಮೆ. ಬಿಳಿ ಹಿಟ್ಟು ತಿಗಣೆ ಗಿಣ್ಣಲ್ಲಿ ಕೂತರೆ ನೀರು ರಭಸವಾಗಿ ಹೊಡೆದು ತೊಳೆಯಿರಿ, ಆಮೇಲೆ ಸೋಪಿನ ನೀರಿಗೆ ಬೇವಿನೆಣ್ಣೆ ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ. ಮಳೆಗಾಲದ ರಾತ್ರಿ ಬಸವನಹುಳು ಎಳೆ ಕುಡಿ ಮೇಯುತ್ತೆ, ಟಾರ್ಚ್ ಹಿಡಿದು ಆರಿಸಿ ಹಾಕೋದೇ ದಾರಿ. ಇದರ ನಿಜವಾದ ಶತ್ರು ನಿಂತ ನೀರು. ಬುಡ ಕಪ್ಪಾಗಿ ಮೆತ್ತಗಾಯಿತು ಅಂದರೆ ಬೇರು ಕೊಳೆತಿದೆ ಅಂತಲೇ ಅರ್ಥ. ಆ ಗಿಡ ಉಳಿಸೋಕೆ ಹೋಗಬೇಡಿ, ಮೇಲಿನ ಗಟ್ಟಿ ಕುಡಿಗಳನ್ನ ಕತ್ತರಿಸಿ ಒಣ ಮಣ್ಣಿಗೆ ಚುಚ್ಚಿ. ಮುಂಗಾರು ಹಿಡಿಯೋ ಮುಂಚೆ ಪ್ರತಿ ಬಣ್ಣದ್ದೂ ನಾಲ್ಕು ಕಡ್ಡಿ ಒಂದು ಸಣ್ಣ ಕುಂಡದಲ್ಲಿ ನೆಟ್ಟು, ಮಳೆ ಎರಚದ ಬಿಸಿಲು ಕಿಟಕೀಲಿ ಇಟ್ಟುಕೊಳ್ಳಿ. ಹೊರಗಿನದೆಲ್ಲ ಹೋದರೂ ತಳಿ ಉಳಿಯುತ್ತೆ.

ಇನ್ನೊಂದು ಮಾತು, ಇದನ್ನ ಹೇಳಬೇಕು ಅಂತಲೇ ಇಷ್ಟು ಹೊತ್ತು ನಿಲ್ಲಿಸಿಕೊಂಡೆ. ನಿಮ್ಮ ಗೇಟಿಂದ ಚರಂಡಿವರೆಗಿನ ಆ ಎರಡಡಿ ಅಗಲದ ಮಣ್ಣಿಗೆ ಟೈಲ್ಸ್ ಹಾಕಿಸ್ತೀನಿ, ಗಾರೆ ಕೆಲಸದವರು ಬರ್ತಾರೆ ಅಂದಿರಿ. ಏನೂ ಬೆಳೆಯಲ್ಲ, ಧೂಳು ಅಂದಿರಿ. ಹುಲ್ಲು ಹಾಸು ಬೆಳೆಯಲ್ಲ, ನಿಜ. ಅದಕ್ಕೆ ದಿನಾ ನೀರು ಬೇಕು, ನಮ್ಮ ಬೀದಿಗೆ ನಲ್ಲಿ ನೀರು ಬರೋದು ಯಾವಾಗ ಅಂತ ನಿಮಗೇ ಗೊತ್ತು. ಟೈಲ್ಸ್ ಹಾಕಿದರೆ ಮೇ ತಿಂಗಳಲ್ಲಿ ಕಾದು ಮನೆಯೊಳಗೆ ಬಿಸಿ ಹೊಡೆಯುತ್ತೆ, ಮಳೆ ಬಂದಾಗ ಹನಿ ನೀರೂ ನೆಲಕ್ಕೆ ಇಂಗದೆ ಚರಂಡಿ ಪಾಲಾಗುತ್ತೆ. ಆ ಮಣ್ಣು ಗಟ್ಟಿ ಗರಸು, ಇಳಿಜಾರಿದೆ, ಇಡೀ ದಿನ ಬಿಸಿಲು. ಟೇಬಲ್ ರೋಸಿಗೆ ಇದಕ್ಕಿಂತ ಒಳ್ಳೇ ಜಾಗ ಇಡೀ ಬೀದೀಲಿ ಇಲ್ಲ. ಮೇಲೆ ಮೇಲೆ ಅಗೆದು, ಸ್ವಲ್ಪ ಮರಳು ಬೆರೆಸಿ, ಎರಡೆರಡು ಅಂಗುಲಕ್ಕೊಂದು ಕಡ್ಡಿ ಚುಚ್ಚಿಬಿಟ್ಟರೆ ಎರಡು ತಿಂಗಳಲ್ಲಿ ನೆಲ ಕಾಣದ ಹಾಗೆ ಹಬ್ಬುತ್ತೆ. ಧೂಳು ಏಳಲ್ಲ, ಮಳೆಗೆ ಮಣ್ಣು ಕೊಚ್ಚಿಕೊಂಡು ಹೋಗಲ್ಲ. ಅಪರೂಪಕ್ಕೆ ಯಾರಾದರೂ ತುಳಿದರೆ ಮುರಿದ ತುಂಡೇ ಬೇರು ಬಿಡುತ್ತೆ, ದಿನಾ ಓಡಾಡೋ ಕಡೆ ಮಾತ್ರ ಎರಡು ಚಪ್ಪಡಿ ಕಲ್ಲು ಹಾಕಿಕೊಳ್ಳಿ.

ಕಡ್ಡಿ ದುಡ್ಡು ಕೊಟ್ಟು ತರಬೇಡಿ, ನಮ್ಮಲ್ಲಿ ಬೇಕಾದಷ್ಟಿದೆ. ಗಾರೆಯವರಿಗೆ ಇವತ್ತೇ ಫೋನ್ ಮಾಡಿ ಬೇಡ ಅಂದುಬಿಡಿ, ಅಕ್ಕ.